ಹೆಸರು ಹರಿದ ಪುಸ್ತಕಗಳು

"ಮನಸ್ಸಿನ ಪುಸ್ತಕ ಜಾಸ್ತಿ ಓದಿದರೆ ಇರೋ ಮನಸ್ಸೂ ಕೆಡುತ್ತೆ" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅಡುಗೆ ಪುಸ್ತಕ ಓದಿದರೆ ಹೊಟ್ಟೆ ಕೆಡುತ್ತದೆ ಎಂದು ಯಾರೂ ಹೇಳುವುದಿಲ್ಲ. ಕಾನೂನಿನ ಪುಸ್ತಕ ಓದಿದವನು ಕಳ್ಳನಾಗುತ್ತಾನೆ ಎಂದೂ ಹೇಳುವುದಿಲ್ಲ. ಮನಸ್ಸಿನ ವಿಷಯಕ್ಕೆ ಬಂದಾಗ, ಅದರಲ್ಲೂ ಓದುವವಳು ಹೆಂಗಸಾದಾಗ, ಈ ಎಚ್ಚರಿಕೆ ತಪ್ಪದೆ ಬರುತ್ತದೆ. ಹೇಳುವವರು ದುಷ್ಟರೇನಲ್ಲ. ಅತ್ತೆ, ನಾದಿನಿ, ಪಕ್ಕದ ಮನೆಯಾಕೆ, ಸ್ಟಾಫ್ ರೂಮಿನಲ್ಲಿ ಎದುರು ಕುಳಿತು ಡಬ್ಬಿ ಬಿಚ್ಚುವ ಸಹೋದ್ಯೋಗಿ. ನಮ್ಮ ಮೇಲಿನ ಅಕ್ಕರೆಯಿಂದಲೇ ಹೇಳುತ್ತಾರೆ. ಆದರೂ ಆ ಮಾತು ಸುಳ್ಳು, ಮತ್ತು ಆ ಸುಳ್ಳಿಗೆ ನಮ್ಮ ಹೆಣ್ಣುಮಕ್ಕಳು ದೊಡ್ಡ ಬೆಲೆ ತೆರುತ್ತಿದ್ದಾರೆ ಎಂಬುದು ನನ್ನ ವಾದ.

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಮನಃಶಾಸ್ತ್ರದ ಹಳೆಯ ಪುಸ್ತಕಗಳನ್ನು ಕೂಡಿಸುತ್ತ ಬಂದಿದ್ದೇನೆ. ಹೈಸ್ಕೂಲು ಉಪಾಧ್ಯಾಯಿನಿಯ ಸಂಬಳದಲ್ಲಿ ಮನೆಯ ಸಾಲ, ಮಕ್ಕಳ ಫೀಸು ಕಳೆದು ಉಳಿಯುವ ಹಣಕ್ಕೆ ಹಳೆಯ ಪುಸ್ತಕವೇ ಸರಿ. ಈ ವಿಷಯದಲ್ಲಿ ನಮ್ಮ ಕೆ.ಜಿ.ಎಫ್. ಕಡೆಯವರು ಭಾಗ್ಯವಂತರು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸ ಕೈಗೆತ್ತಿಕೊಂಡ ಮೇಲೆ ಬಂಗಲೆ, ಕ್ಲಬ್ಬು, ಚರ್ಚುಗಳ ಜೊತೆಗೆ ಇಂಗ್ಲಿಷ್ ಪುಸ್ತಕಗಳೂ ಬಂದವು. ಇಂಗ್ಲಿಷರು ಹೋದರು. ಅನೇಕ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾ ಎಂದು ಹೊರಟವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಎಷ್ಟೋ ಮನೆಗಳವರು ಬೆಂಗಳೂರು, ಚೆನ್ನೈ ಸೇರಿದರು. ಹೋಗುವವರು ಪಾತ್ರೆ ಒಯ್ಯುತ್ತಾರೆ, ಹೊಲಿಗೆ ಯಂತ್ರ ಒಯ್ಯುತ್ತಾರೆ. ಪುಸ್ತಕವನ್ನು ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟು ಹೋಗುತ್ತಾರೆ. ಹಾಗೆ ರಾಬರ್ಟ್‌ಸನ್‌ಪೇಟೆಯಲ್ಲೂ ಬಂಗಾರಪೇಟೆಯಲ್ಲೂ ತೂಕಕ್ಕೆ ಬಿದ್ದ ಪುಸ್ತಕಗಳು ನನ್ನ ಕಪಾಟಿನಲ್ಲಿವೆ. ಉಳಿದವು ಬೆಂಗಳೂರಿನ ಅವೆನ್ಯೂ ರಸ್ತೆಯ ಪಾದಚಾರಿ ಹಾದಿಯಿಂದ ನಮ್ಮ ಮಾರಿಕುಪ್ಪಂ ರೈಲಿನಲ್ಲಿ ಮಡಿಲ ಮೇಲೆ ಕುಳಿತು ಬಂದವು.

ಈ ಸಂಗ್ರಹದಲ್ಲಿ ನಾನು ಕಂಡ ಒಂದು ವಿಶೇಷವನ್ನು ಮೊದಲು ಹೇಳುತ್ತೇನೆ. ಹಳೆಯ ಕಾದಂಬರಿಯ ಮೊದಲ ಪುಟ ತಿರುವಿದರೆ ಒಡತಿಯ ಹೆಸರು, ತಾರೀಕು, 'ಪ್ರೀತಿಯ ತಂಗಿಗೆ' ಎಂಬ ಸಾಲು ಇರುತ್ತದೆ. ಅಡುಗೆ ಪುಸ್ತಕದಲ್ಲಿ ಹೆಸರಿನ ಜೊತೆ ಒಗ್ಗರಣೆಯ ಕಲೆಯೂ ಇರುತ್ತದೆ. ಮನಸ್ಸಿನ ಪುಸ್ತಕಗಳಲ್ಲಿ ಹಾಗಲ್ಲ. ಎಷ್ಟೋ ಪುಸ್ತಕಗಳಲ್ಲಿ ಹೆಸರಿದ್ದ ಪುಟವನ್ನೇ ಹರಿದಿದ್ದಾರೆ, ಇಲ್ಲವೇ ಹೆಸರಿನ ಮೇಲೆ ಶಾಯಿಯಿಂದ ಗೀಚಿದ್ದಾರೆ. ಒಳಗೆ ನೋಡಿದರೆ ನಿದ್ರೆ ಬಾರದಿರುವುದರ ಬಗ್ಗೆ ಇರುವ ಪುಟದಲ್ಲಿ ಪೆನ್ಸಿಲ್ಲಿನ ಎರಡೆರಡು ಗೆರೆ, ಕಾರಣವಿಲ್ಲದೆ ಅಳು ಬರುವ ಬಗ್ಗೆ ಇರುವಲ್ಲಿ ಮಡಿಚಿದ ಮೂಲೆ, ಒಂದರಲ್ಲಿ ಗುರುತಿಗೆಂದು ಇಟ್ಟ ಹೇರ್‌ಪಿನ್ನು. ಓದಿದವರು ತಮ್ಮ ಕಷ್ಟವನ್ನು ಗುರುತಿಸಿಕೊಂಡರು, ಆದರೆ ತಮ್ಮ ಗುರುತು ಉಳಿಯದಂತೆ ನೋಡಿಕೊಂಡರು. ಕಳ್ಳಸಾಗಣೆಯ ಮಾಲಿನಂತೆ ಒಂದು ಪುಸ್ತಕವನ್ನು ಮನೆಯೊಳಗೆ ಇಟ್ಟುಕೊಳ್ಳಬೇಕಾದರೆ ಆ ಮನೆಯಲ್ಲಿ ಎಂಥ ಭಯವಿದ್ದಿರಬೇಕು, ಯೋಚಿಸಿ.

ಭಯ ಯಾವುದರದ್ದು? ಹುಚ್ಚು ಎಂಬ ಒಂದು ಪದದ್ದು. ನಮ್ಮಲ್ಲಿ ಕೆಮ್ಮಿಗೆ ಹತ್ತು ಹೆಸರುಂಟು. ಒಣಕೆಮ್ಮು, ಕಫದ ಕೆಮ್ಮು, ನಾಯಿಕೆಮ್ಮು ಎಂದು ವಿಂಗಡಿಸಿ ಬೇರೆ ಬೇರೆ ಕಷಾಯ ಕಾಯಿಸುತ್ತೇವೆ. ಮನಸ್ಸು ನೊಂದರೆ ಮಾತ್ರ ಇರುವುದು ಎರಡೇ ಹೆಸರು: ಒಂದು ಕೊಬ್ಬು, ಇನ್ನೊಂದು ಹುಚ್ಚು. ಇವೆರಡರ ನಡುವೆ ಆತಂಕ, ಖಿನ್ನತೆ, ಬಾಣಂತಿಯ ಮಂಕು, ಗೀಳು ಎಂಬ ದೊಡ್ಡ ಬಯಲಿದೆ ಎಂಬುದೇ ಗೊತ್ತಿಲ್ಲದಂತೆ ಬದುಕುತ್ತೇವೆ. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬ ಗಾದೆಯನ್ನು ನಗುತ್ತ ಹೇಳುತ್ತೇವೆ. ಆ ಗಾದೆ ನಗುವ ಮಾತಾಗಿ ಉಳಿಯುವುದಿಲ್ಲ ಎಂಬುದನ್ನು ನನ್ನ ತರಗತಿಯಲ್ಲೇ ನೋಡಿದ್ದೇನೆ.

ಒಂಬತ್ತನೇ ತರಗತಿಯ ಹುಡುಗಿ. ಪ್ರಾರ್ಥನೆಯ ಹೊತ್ತಿನಲ್ಲಿ ಹಲ್ಲು ಕಚ್ಚಿ ಬೀಳುತ್ತಿದ್ದಳು. ಬಿದ್ದಾಗ ಏಟಾಗುತ್ತಿರಲಿಲ್ಲ, ಒಬ್ಬಳೇ ಇದ್ದಾಗ ಬೀಳುತ್ತಿರಲಿಲ್ಲ. ಶಾಲೆಯಲ್ಲಿ ಕೆಲವರು ನಾಟಕ ಎಂದರು, ಮನೆಯವರು ಗಾಳಿ ಎಂದರು. ಮೂರು ಕಡೆ ದಾರ ಕಟ್ಟಿಸಿದರು, ಒಂದು ಕಡೆ ಬೇವಿನ ಬರಲಿನಿಂದ ಹೊಡೆಸಿದರು. ಬಾಯಲ್ಲಿ ಹೇಳಲಾಗದ ಸಂಕಟ ಹೀಗೆ ಮೈಯಿಂದ ಹೊರಬರುವುದುಂಟು, ಅದು ನಾಟಕವಲ್ಲ, ದೆವ್ವವೂ ಅಲ್ಲ, ಹೇಗೂ ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು ಎಂದು ನಾನೂ ಮುಖ್ಯೋಪಾಧ್ಯಾಯರೂ ಮನೆಗೇ ಹೋಗಿ ಹೇಳಿದೆವು. ತಾಯಿ ನನ್ನ ಕೈ ಹಿಡಿದುಕೊಂಡು, "ಟೀಚರಮ್ಮಾ, ಆಸ್ಪತ್ರೆ ಚೀಟೀಲಿ ಹುಚ್ಚು ಅಂತ ಬರೆದುಬಿಟ್ರೆ ಇವಳ ತಂಗೀರ ಗತಿ ಏನು?" ಎಂದಳು. ಮುಂದಿನ ಜೂನ್ ತಿಂಗಳ ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿರಲಿಲ್ಲ. ಗಡಿಯಾಚೆಯ ಬಂಧುಗಳ ಊರಿಗೆ ಕರೆದೊಯ್ದು, ಹದಿನೆಂಟು ತುಂಬುವ ಮೊದಲೇ ಮದುವೆ ಮಾಡಿದ್ದರು. ಮದುವೆಯಾದರೆ ಸರಿಹೋಗುತ್ತದೆ ಎಂದು ಯಾರೋ ಹಿರಿಯರು ಹೇಳಿದ್ದರಂತೆ. ಆ ತಾಯಿಯನ್ನು ನಾನು ದೂರುವುದಿಲ್ಲ. ಆಕೆಯ ಕೈಗೆ ನಾವು ಯಾರೂ ಹುಚ್ಚು ಎಂಬುದರ ಹೊರತು ಬೇರೆ ಪದವನ್ನು ಕೊಟ್ಟಿರಲಿಲ್ಲ.

ಟೀಚರುಗಳಿಗಾದರೂ ಕೊಟ್ಟಿದ್ದರೇ? ಬಿ.ಎಡ್.ನಲ್ಲಿ ನಾವು ಶೈಕ್ಷಣಿಕ ಮನೋವಿಜ್ಞಾನ ಓದಿ ಪಾಸಾದವರೇ. ಪಾವ್ಲೋವ್‌ನ ನಾಯಿ ಜೊಲ್ಲು ಸುರಿಸಿದ್ದು, ಥಾರ್ನ್‌ಡೈಕ್‌ನ ಬೆಕ್ಕು ಪೆಟ್ಟಿಗೆಯಿಂದ ಹೊರಬಂದದ್ದು, ಕೋಹ್ಲರ್‌ನ ಚಿಂಪಾಂಜಿ ಬಾಳೆಹಣ್ಣು ಎಟುಕಿಸಿಕೊಂಡದ್ದು ಎಲ್ಲವೂ ಹತ್ತು ಅಂಕದ ಪ್ರಶ್ನೆಗಳು. ಮುಂದಿನ ಬೆಂಚಿನಲ್ಲಿ ಕುಳಿತು ವಾರದಿಂದ ಬುತ್ತಿ ಬಿಚ್ಚದ ಹುಡುಗಿಯ ಬಗ್ಗೆ ಅರ್ಧ ಅಂಕದ ಪ್ರಶ್ನೆಯೂ ಇರಲಿಲ್ಲ. ಅದನ್ನು ನನಗೆ ಕಲಿಸಿದ್ದು ಗುಜರಿಯ ಪುಸ್ತಕಗಳು. ವರ್ಜೀನಿಯಾ ಆಕ್ಸ್‌ಲೈನ್ 1964ರಲ್ಲಿ ಬರೆದ 'ಡಿಬ್ಸ್' ಎಂಬ ಪುಸ್ತಕದಲ್ಲಿ, ಯಾರೊಡನೆಯೂ ಮಾತಾಡದೆ ಮೂಲೆ ಹಿಡಿದಿದ್ದ ಒಬ್ಬ ಹುಡುಗನ ಕಥೆಯಿದೆ. ಆಟದ ಕೋಣೆಯಲ್ಲಿ ಅವನನ್ನು ಅವನ ಪಾಡಿಗೆ ಬಿಟ್ಟು, ತಾಳ್ಮೆಯಿಂದ ಕೇಳಿಸಿಕೊಂಡು, ಅವನು ತಾನಾಗಿ ಹೊರಬರುವಂತೆ ಮಾಡಿದ ಕಥೆ ಅದು. ಅದನ್ನು ಓದಿದ ಮೇಲೆ ಮಾತಾಡದ ಮಗುವನ್ನು 'ಮೊದ್ದು' ಎಂದು ಕರೆಯುವುದು ಯಾವ ಟೀಚರಿಗೂ ಸುಲಭವಾಗುವುದಿಲ್ಲ.

ಇಲ್ಲಿ ನನ್ನ ವಿರೋಧಿಗಳು ಎರಡನೆಯ ಬಾಣ ಬಿಡುತ್ತಾರೆ. "ಇದೆಲ್ಲ ಡಾಕ್ಟರುಗಳ ಕೆಲಸ, ನಿಮಗೇಕೆ?" ಒಪ್ಪಿದೆ, ಚಿಕಿತ್ಸೆ ಡಾಕ್ಟರುಗಳ ಕೆಲಸವೇ. ಪುಸ್ತಕ ಓದಿ ಯಾರೂ ಮಾತ್ರೆ ಬರೆಯಕೂಡದು, ಬರೆದುಕೊಟ್ಟ ಮಾತ್ರೆಯನ್ನು ತಾವೇ ನಿಲ್ಲಿಸಲೂ ಕೂಡದು. ಆದರೆ ಡಾಕ್ಟರ ಹತ್ತಿರ ಹೋಗಬೇಕೆಂದು ತಿಳಿಯುವುದು ಯಾರ ಕೆಲಸ? ಮಗುವಿಗೆ ಜ್ವರ ಬಂದಿದೆ ಎಂದು ಮೊದಲು ತಿಳಿಯುವುದು ಹಣೆ ಮುಟ್ಟಿ ನೋಡಿದ ತಾಯಿಗೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿ, ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಯಾವುದೋ ಒಂದು ಮಾನಸಿಕ ತೊಂದರೆ ಇದೆ ಎಂದು ಕಂಡುಕೊಂಡಿತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ನಿಮ್ಹಾನ್ಸ್ ಇರುವ ಬೆಂಗಳೂರು ಬಂಗಾರಪೇಟೆಯಿಂದ 70 ಕಿಲೋಮೀಟರು, ದಿನವೂ ಸಾವಿರಾರು ಜನ ಕೂಲಿಗೆ, ನೌಕರಿಗೆ ಹೋಗಿಬರುವ ದೂರ. ಹಾಗಿದ್ದರೂ ನಮ್ಮವರು ಅಲ್ಲಿಗೆ ಹೋಗದಿರುವುದಕ್ಕೆ ಕಾರಣ ರೈಲಿನ ಟಿಕೆಟ್ಟಿನ ದರವಲ್ಲ. ಅಲ್ಲಿಗೆ ಹೋದದ್ದನ್ನು ಯಾರಾದರೂ ನೋಡಿಬಿಟ್ಟರೆ ಎಂಬ ಅಂಜಿಕೆ.

ಮೂರನೆಯವರು ಹೆಚ್ಚು ಬುದ್ಧಿವಂತರು. "ಹೊಟ್ಟೆಗಿಲ್ಲದ ಊರಲ್ಲಿ ಮನಸ್ಸಿನ ಮಾತೇಕೆ? ಅದು ಉಂಡವರ ಕಾಯಿಲೆ" ಎನ್ನುತ್ತಾರೆ. ಅವರು ನಮ್ಮೂರಿನ ಕಥೆಯನ್ನೇ ನೋಡಲಿ. ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿದು ಜನ ಸಾಯುತ್ತಿದ್ದರು. ಬಂಡೆಗಳ ಆ ಒತ್ತಡವನ್ನು ಅಭ್ಯಾಸ ಮಾಡಲು 1988ರಲ್ಲಿ ಇಲ್ಲಿಯೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿತು. ಒಳ್ಳೆಯದೇ ಆಯಿತು. ಆದರೆ 2001ರಲ್ಲಿ ಸಾವಿರಾರು ಮನೆಗಳ ಸಂಬಳ ಒಂದೇ ದಿನ ನಿಂತಾಗ ಆ ಮನೆಗಳ ಮೇಲೆ ಬಿದ್ದ ಒತ್ತಡವನ್ನು ಯಾರು ಅಳೆದರು? ಮುಂಜಾನೆ ಸೈರನ್ನಿಗೆ ಎದ್ದು ಅಭ್ಯಾಸವಾದ ಗಂಡಸು ಸೈರನ್ನಿಲ್ಲದ ಬೆಳಿಗ್ಗೆ ಗೋಡೆ ನೋಡುತ್ತ ಕುಳಿತರೆ ಅದಕ್ಕೆ ಸೋಮಾರಿತನ ಎಂದರು. ಸಂಜೆ ಕುಡಿದರೆ ಕುಡುಕ ಎಂದರು. ಖಿನ್ನತೆ ಎಂಬ ಪದ ಯಾರ ಬಾಯಲ್ಲೂ ಬರಲಿಲ್ಲ. ಅವನ ಹೆಂಡತಿ ನಾಲ್ಕು ಗಂಟೆಗೆ ಎದ್ದು, ಅಡುಗೆ ಮಾಡಿಟ್ಟು, ಬೆಂಗಳೂರಿನ ರೈಲು ಹಿಡಿದು ದುಡಿದು, ರಾತ್ರಿ ಬಂದು ಪಾತ್ರೆ ತೊಳೆದಳಲ್ಲ, ಅವಳಿಗೆ ಬಂದ ತಲೆನೋವಿಗಂತೂ ಯಾವ ಹೆಸರೂ ಇರಲಿಲ್ಲ. ಬಡತನ ಮನಸ್ಸನ್ನು ಬಿಟ್ಟು ಹೊಟ್ಟೆಯನ್ನಷ್ಟೇ ಹೊಡೆಯುತ್ತದೆ ಎಂದು ತಿಳಿದವರು ಬಡತನವನ್ನೂ ಕಂಡವರಲ್ಲ, ಮನಸ್ಸನ್ನೂ ಕಂಡವರಲ್ಲ.

ಹಾಗೆಂದು ಮನಸ್ಸಿನ ಹೆಸರಿನಲ್ಲಿ ಅಚ್ಚಾದದ್ದೆಲ್ಲ ಅಮೃತ ಎಂದು ನಾನು ಹೇಳುತ್ತಿಲ್ಲ. "ಹಳೆಯ ಪುಸ್ತಕಗಳಲ್ಲಿ ತಪ್ಪು ತುಂಬಿರುತ್ತದೆ" ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಅದಕ್ಕೆ ಮದ್ದು ಪುಸ್ತಕ ಬಿಸಾಡುವುದಲ್ಲ, ಇಸವಿ ನೋಡಿ ಓದುವುದು. ಅಕ್ಕಪಕ್ಕ ಇಟ್ಟ ಹಳೆಯ ಪುಸ್ತಕಗಳು ಈ ಶಾಸ್ತ್ರ ಎಲ್ಲೆಲ್ಲಿ ಎಡವಿತು ಎಂಬುದನ್ನೂ ಹೇಳುತ್ತವೆ.

ಮಾತು ಕಲಿಯದ, ಕಣ್ಣಿಗೆ ಕಣ್ಣು ಕೊಡದ ಮಕ್ಕಳ ಸ್ಥಿತಿಯನ್ನು, ಅಂದರೆ ಇಂದು ನಾವು ಆಟಿಸಂ ಎನ್ನುವುದನ್ನು, 1943ರಲ್ಲಿ ಲಿಯೋ ಕ್ಯಾನರ್ ವಿವರಿಸಿದರು. ಮುಂದೆ ಕೆಲವು ಪಂಡಿತರು ಅದಕ್ಕೆ ಕಾರಣ ತಾಯಿಯ ತಣ್ಣನೆಯ ಸ್ವಭಾವ ಎಂದರು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ದಪ್ಪ ಪುಸ್ತಕವನ್ನೇ ಬರೆದು ಆ ಮಾತನ್ನು ಊರೂರಿಗೆ ಹಬ್ಬಿಸಿದರು. ಆ ಪುಸ್ತಕಕ್ಕೆ ಮೂರು ವರ್ಷ ಮುಂಚೆಯೇ, 1964ರಲ್ಲಿ, ಬರ್ನಾರ್ಡ್ ರಿಮ್ಲೆಂಡ್ ಎಂಬುವರು ಇದು ಹುಟ್ಟಿನಿಂದಲೇ ಮಿದುಳಿಗೆ ಸಂಬಂಧಿಸಿದ್ದು, ತಾಯಿಯ ತಪ್ಪಲ್ಲ ಎಂದು ವಾದಿಸಿದ್ದರು. ಅವರ ಮಗನಿಗೂ ಆಟಿಸಂ ಇತ್ತು. ಇಂದು ವಿಜ್ಞಾನ ನಿಂತಿರುವುದು ರಿಮ್ಲೆಂಡ್ ಅವರ ಕಡೆಗೆ. ಆದರೆ ನಡುವಿನ ವರ್ಷಗಳಲ್ಲಿ ಎಷ್ಟು ತಾಯಂದಿರು ತಮ್ಮನ್ನೇ ಶಪಿಸಿಕೊಂಡು ಅತ್ತಿರಬೇಕು! ಜಾನ್ ಬೌಲ್ಬಿ ಅವರ 1953ರ ಪೆಲಿಕನ್ ಪುಸ್ತಕ ತಾಯಿಯಿಂದ ಅಗಲಿದ ಮಕ್ಕಳ ಸಂಕಟವನ್ನು ಜಗತ್ತಿಗೆ ತಿಳಿಸಿತು, ಅದು ದೊಡ್ಡ ಕೆಲಸ. ಅದನ್ನೇ ಕೋಲು ಮಾಡಿಕೊಂಡು ಕೆಲಸಕ್ಕೆ ಹೋಗುವ ತಾಯಂದಿರ ಬೆನ್ನಿಗೆ ಬಾರಿಸಿದವರೂ ಉಂಟು. ಸಲಿಂಗ ಪ್ರೇಮವನ್ನು ರೋಗವೆಂದು ಬರೆದ ಎಷ್ಟೋ ಪುಸ್ತಕಗಳು ನನ್ನಲ್ಲಿವೆ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಅದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಐಸೆಂಕ್ ಅವರು 1962ರಲ್ಲಿ ತಂದ ಬುದ್ಧಿಮಾಪನದ ಪುಸ್ತಕವೂ ಇದೆ. ಅದರ ಇಂಗ್ಲಿಷ್ ಪದಗಳ ಪ್ರಶ್ನೆಗಳನ್ನು, ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಹುಡುಗನ ಮುಂದಿಟ್ಟರೆ ಅವನಿಗೆ ಬರುವ ಅಂಕ ಅವನ ಬುದ್ಧಿಯದ್ದೇ?

ಹಾಗಾಗಿ ಗೆಳತಿಯರೇ, ಮನಸ್ಸಿನ ಪುಸ್ತಕ ಕೈಗೆತ್ತಿಕೊಂಡಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ಇಸವಿಯದು? ಇದು ಯಾರ ಮೇಲೆ ತಪ್ಪು ಹೊರಿಸುತ್ತದೆ? ಎಲ್ಲ ಕಷ್ಟಕ್ಕೂ ಹೆಂಗಸನ್ನೇ ಹೊಣೆ ಮಾಡುವ ಪುಸ್ತಕ ಎಷ್ಟೇ ದೊಡ್ಡ ಪಂಡಿತನದಾಗಲಿ, ಅದನ್ನು ಅನುಮಾನದಿಂದಲೇ ಓದಿ. ಈ ಎರಡನೆಯ ಪ್ರಶ್ನೆಯನ್ನು ಹೊಳೆಯುವ ರಟ್ಟಿನ ಹೊಸ ಪುಸ್ತಕಗಳಿಗೂ ಕೇಳಿ. ಬಸ್ ಸ್ಟ್ಯಾಂಡಿನಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ರಾಶಿ ಬಿದ್ದಿರುವ 'ಏಳು ದಿನದಲ್ಲಿ ಗೆಲುವು' ಮಾದರಿಯವನ್ನೇ ಹೇಳುತ್ತಿದ್ದೇನೆ. ಒಳ್ಳೆಯದನ್ನೇ ಯೋಚಿಸಿ, ಒಳ್ಳೆಯದೇ ಆಗುತ್ತದೆ ಎನ್ನುತ್ತವೆ ಅವು. ಆಗದಿದ್ದರೆ? ನೀವು ಸರಿಯಾಗಿ ಯೋಚಿಸಲಿಲ್ಲ! ಗಣಿ ಮುಚ್ಚಿದ್ದಕ್ಕೆ, ಗಂಡ ಹೊಡೆದದ್ದಕ್ಕೆ, ಮಗಳ ವರದಕ್ಷಿಣೆಗೆ ಎಲ್ಲಕ್ಕೂ ನಿಮ್ಮ ಯೋಚನೆಯೇ ಕಾರಣ. ಅತ್ತೆಯ ಬಾಯಲ್ಲಿ 'ಹೊಂದಿಕೊಂಡು ಹೋಗಮ್ಮಾ' ಎಂದು ಕೇಳಿದ ಮಾತನ್ನೇ ಇವರು ಮುನ್ನೂರು ರೂಪಾಯಿಗೆ ಮಾರುತ್ತಾರೆ. ಹಳೆಯ ಪುಸ್ತಕ ಅದಕ್ಕಿಂತ ಅಗ್ಗ, ಮತ್ತು ಅದರ ತಪ್ಪನ್ನು ಕಾಲ ಆಗಲೇ ಎತ್ತಿ ತೋರಿಸಿಯಾಗಿದೆ.

ಇನ್ನು "ಇದೆಲ್ಲ ಪರದೇಶದ ಸರಕು" ಎನ್ನುವವರಿಗೆ ಒಂದು ಮಾತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಆರಂಭವಾಗಿತ್ತು. ಅದನ್ನು ಕಟ್ಟಿದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಎಂಬ ಹೆಸರಿನ ರೇಡಿಯೋ ಕೇಂದ್ರ ನಡೆಸಿದವರು. 'ಕೊರವಂಜಿ' ಪತ್ರಿಕೆಯಿಂದ ನಾಡನ್ನು ನಗಿಸಿದ 'ರಾಶಿ', ಅಂದರೆ ಡಾ. ಎಂ. ಶಿವರಾಂ, ಮನೋವೈದ್ಯಕೀಯದ ಬಗ್ಗೆ 'ಮನಮಂಥನ' ಬರೆದರು. ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹುಚ್ಚಿನ ಪುಸ್ತಕ ಎಂದು ಮೂಗು ಮುರಿಯುವವರು ಇದನ್ನು ನೆನಪಿಡಲಿ. ಮನಃಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ತೀರಿಕೊಂಡರು. ಅಷ್ಟರೊಳಗೆ 'ಶರಪಂಜರ'ದ ಕಾವೇರಿಯನ್ನು ನಮಗೆ ಕೊಟ್ಟು ಹೋದರು. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಅವಳನ್ನು ಮತ್ತೆ ಕೆಡಿಸುವುದು ರೋಗಕ್ಕಿಂತ ಹೆಚ್ಚಾಗಿ ಮನೆಯವರ ಮತ್ತು ನೆರೆಹೊರೆಯವರ ಕಣ್ಣು. ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಅವರನ್ನು ನೋಡಿ ಅಳದ ಹೆಂಗಸಿಲ್ಲ. ಅತ್ತು ಮನೆಗೆ ಬಂದು, ಪಕ್ಕದ ಬೀದಿಯ ಕಾವೇರಿಯನ್ನು ಕಂಡು ಬಾಗಿಲು ಹಾಕಿಕೊಂಡವರೂ ನಾವೇ ಅಲ್ಲವೇ? ಡಾ. ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ', 'ತಾಯಿ-ಮಗು' ಬರೆದು ಹೆಂಗಸರು ಮೈ ಮನಸ್ಸುಗಳ ಬಗ್ಗೆ ನಾಚದೆ ಓದುವಂತೆ ಮಾಡಿದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ನೂರಾರು ಪುಸ್ತಕ ಬರೆದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕನ್ನಡದಲ್ಲಿ ಪುಸ್ತಕಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಅವನ್ನು ನಡುಮನೆಯಲ್ಲಿಡುವ ಧೈರ್ಯಕ್ಕೆ.

ಹಾಗಾದರೆ ಮಾಡಬೇಕಾದ್ದೇನು? 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವು ಕಟ್ಟುವ ಮನೆ ಕಂದಾಯದ ಜೊತೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ದುಡ್ಡು ಕೊಟ್ಟವರು ಪುಸ್ತಕ ಕೇಳಬಾರದೇ? ನಿಮ್ಮ ಊರಿನ ಲೈಬ್ರರಿಗೆ ಹೋಗಿ ಮನಸ್ಸಿನ ಆರೋಗ್ಯಕ್ಕೆ ಒಂದು ಕಪಾಟು ಇಡಿ ಎಂದು ಅರ್ಜಿ ಕೊಡಿ. ಒಬ್ಬಳೇ ಹೋಗಲು ಸಂಕೋಚವಾದರೆ ಮಹಿಳಾ ಸಂಘದವರನ್ನು ಕರೆದುಕೊಂಡು ಹೋಗಿ. ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು 2017ರ ಕಾಯಿದೆ ಹೇಳಿದೆ. 2022ರ ಅಕ್ಟೋಬರ್‌ನಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಯಾರು ಬೇಕಾದರೂ ದುಡ್ಡಿಲ್ಲದೆ ಫೋನ್ ಮಾಡಿ ಮಾತಾಡಬಹುದು. ಈ ಸಂಖ್ಯೆಯನ್ನು ಗ್ಯಾಸ್ ಏಜೆನ್ಸಿಯ ಸಂಖ್ಯೆಯ ಪಕ್ಕದಲ್ಲೇ ಅಡುಗೆ ಮನೆಯ ಗೋಡೆಗೆ ಅಂಟಿಸಿ. ಬಂದವರು ನೋಡಲಿ, ಕೇಳಲಿ, ಬೇಕಿದ್ದವರು ಬರೆದುಕೊಂಡು ಹೋಗಲಿ.

ಯುಗಾದಿಗೋ ದೀಪಾವಳಿಗೋ ಮನೆ ಗುಡಿಸಿ ರದ್ದಿ ಹೊರಗೆ ಹಾಕುವಾಗ ಮನಸ್ಸಿನ ಬಗ್ಗೆ ಇರುವ ಪುಸ್ತಕವನ್ನು ತೂಕಕ್ಕೆ ಹಾಕಬೇಡಿ, ಮತ್ತೊಬ್ಬಳ ಕೈಗೆ ಕೊಡಿ. ಕೊಡುವಾಗ ಮೊದಲ ಪುಟವನ್ನು ಹರಿಯಬೇಡಿ. ನಿಮ್ಮ ಹೆಸರು, ಊರು, ಓದಿದ ಇಸವಿ ಎಲ್ಲವನ್ನೂ ದುಂಡಗೆ ಬರೆದೇ ಕೊಡಿ. ನಿದ್ರೆ ಬಾರದ ರಾತ್ರಿ ಅದನ್ನು ತೆರೆದವಳಿಗೆ, ನಮ್ಮ ಕಡೆಯವಳೇ ಒಬ್ಬಳು ತನಗಿಂತ ಮೊದಲು ಇದನ್ನು ಓದಿದ್ದಾಳೆ, ಓದಿ ನೆಟ್ಟಗೇ ಇದ್ದಾಳೆ ಎಂದು ತಿಳಿಯಲಿ.